ಲೈನ್ ಮನೆಯ ಬಸಿರು

ಕೊಡಗಿನ ಸೋಮವಾರಪೇಟೆಯ ಸಂತೆಯಲ್ಲಿ ಅಂಥವರು ಕಣ್ಣಿಗೆ ಬೀಳುತ್ತಾರೆ: ನಲವತ್ತರ ಆಸುಪಾಸು, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಕುಡಿತವೆಂದೋ ಅನ್ನ ಜಾಸ್ತಿಯಾಯಿತೆಂದೋ ಷರಾ ಬರೆದು ಮುಂದೆ ಹೋಗುತ್ತೇವೆ. ಅವೂ ಇರಬಹುದು. ಆದರೆ ಆ ಹೊಟ್ಟೆಯ ಲೆಕ್ಕ ಅವರ ತಾಯಿಯ ತಟ್ಟೆಯಲ್ಲೇ ಶುರುವಾಗಿರಲಿಕ್ಕೂ ಸಾಕು.

ಇದಕ್ಕೆ ಆಧಾರ ಹುಡುಕಿ ಬಹಳ ದೂರ ಹೋಗಬೇಕಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ 1934ರಿಂದ ಹೆರಿಗೆಯ ದಾಖಲೆಗಳನ್ನು ಜೋಪಾನ ಮಾಡಿಟ್ಟಿತ್ತು. ಅಲ್ಲಿ 1954ರವರೆಗೆ ಹುಟ್ಟಿದವರಲ್ಲಿ 517 ಮಂದಿಯನ್ನು ಇಂಗ್ಲೆಂಡಿನ ಡೇವಿಡ್ ಬಾರ್ಕರ್, ಕೆರೊಲಿನ್ ಫಾಲ್ ಅವರ ತಂಡ ಪತ್ತೆಹಚ್ಚಿ ಪರೀಕ್ಷಿಸಿತು. 1996ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಶೇ 11, ಮೂರು ಕೆ.ಜಿ. ದಾಟಿ ಹುಟ್ಟಿದವರಲ್ಲಿ ಶೇ 3. ಕೂಸೂ ಸಣ್ಣದು, ತಾಯಿಯೂ 45 ಕೆ.ಜಿ.ಗಿಂತ ಕಡಿಮೆ ಎಂದಾದರೆ ಶೇ 20!

ಇದು ಹೃದಯದ ಮಾತಾಯಿತು. ಕೊಬ್ಬಿನ ಮಾತು ಪುಣೆಯ ಡಾ. ಯಾಜ್ಞಿಕ್ ಅವರದು. ಅಲ್ಲಿನ ಹಳ್ಳಿಗಳ ಶಿಶುಗಳ ಸರಾಸರಿ ತೂಕ 2.7 ಕೆ.ಜಿ. ಇಂಗ್ಲೆಂಡಿನ ಕೂಸುಗಳ ಪಕ್ಕದಲ್ಲಿಟ್ಟರೆ ಮಾಂಸಖಂಡ ಸೊರಗಿದೆ, ಕೊಬ್ಬು ಮಾತ್ರ ಅಷ್ಟು ಕರಗಿಲ್ಲ. ಕೊರತೆ ಬಿದ್ದಾಗ ಗರ್ಭದ ಕೂಸು ಮಿದುಳನ್ನು ಉಳಿಸಿಕೊಂಡು ಸ್ನಾಯು, ಯಕೃತ್ತು, ಮೇದೋಜೀರಕ ಗ್ರಂಥಿಗಳ ಪಾಲಿಗೆ ಕತ್ತರಿ ಹಾಕುತ್ತದೆ. ಬರಗಾಲಕ್ಕೆ ಪಳಗಿದ ಆ ಒಡಲು ಮುಂದೆ ಹೊಟ್ಟೆತುಂಬ ಅನ್ನ, ಕರಿದ ತಿಂಡಿ ಸಿಕ್ಕಾಗ ಖರ್ಚು ಮಾಡಲಾರದು. ಕೂಡಿಡುತ್ತದೆ, ಅದೂ ಹೊಟ್ಟೆಯ ಸುತ್ತಲೇ. ತೂಕದ ಯಂತ್ರ ಇದನ್ನೆಲ್ಲ ಹೇಳುವುದಿಲ್ಲ.

ಹೊಟ್ಟೆ ತುಂಬಿದ ಮಾತ್ರಕ್ಕೆ ಪೋಷಣೆ ಆಯಿತೆಂದೂ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ತಾಯಿ ಇಲಿಗಳಿಗೆ ಫೋಲೇಟ್, ಬಿ12 ತಗ್ಗಿಸಿ ಉಣಿಸಿದಾಗ ಮರಿಗಳ ಮೈಯಲ್ಲಿ ಕೊಬ್ಬು ಹೆಚ್ಚಿತು, ಕೊಬ್ಬಿನ ಚಯಾಪಚಯ ಏರುಪೇರಾಯಿತು. ಇಲಿಯ ಮಾತು ಎಂದು ತಳ್ಳಿಹಾಕುವ ಮುನ್ನ ಇದನ್ನೂ ಕೇಳಿ: ಮೈಸೂರಿನ ಅದೇ ಆಸ್ಪತ್ರೆಯ ಗರ್ಭಿಣಿಯರನ್ನು ಪರೀಕ್ಷಿಸಿದಾಗ ಶೇ 43 ಮಂದಿಯಲ್ಲಿ ಬಿ12 ಕೊರತೆ ಕಂಡಿತ್ತು. ಬಿ12 ಬರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ಇತ್ತ ಕಾಫಿ ತೋಟದ ಕೂಲಿಯವರ ಲೈನ್ ಮನೆಯ ಬೆಳಗು ಹಾಲಿಲ್ಲದ ಬೆಲ್ಲದ ಕಾಫಿ. ಮಧ್ಯಾಹ್ನ ಕಾಫಿ ಗಿಡದ ಬುಡದಲ್ಲಿ ಡಬ್ಬಿ ಬಿಚ್ಚಿದರೆ ಅನ್ನ, ತೆಳು ಸಾರು. ಕೋಳಿಯೋ ಮೀನೋ ಸಂತೆಯ ದಿನದ್ದು, ಅದರಲ್ಲೂ ಬಡಿಸುವವಳ ಪಾಲಿಗೆ ಬರುವುದು ತಳದ ಸಾರು. ಇದರ ಮೇಲೆ ‘ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟ’ ಎಂಬ ಹಿರಿಯರ ಬುದ್ಧಿಮಾತು ಬೇರೆ.

ಸರ್ಕಾರ ಸುಮ್ಮನೆ ಕೂತಿಲ್ಲ. 2017ರ ಅಕ್ಟೋಬರ್ 2ರಂದು ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನದ ಊಟ ಕೊಡುವ ಮಾತೃಪೂರ್ಣ ಬಂತು. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ ಎಲ್ಲ ಇರುವ ಒಳ್ಳೆಯ ಊಟ. ಆದರೆ ಅಂಗನವಾಡಿಗೇ ಬಂದು ಉಣ್ಣಬೇಕೆಂಬ ಲೆಕ್ಕದಲ್ಲಿ ಹೊರಟ ಯೋಜನೆ ಅದು, ಬಯಲುಸೀಮೆಯ ಒತ್ತಾದ ಊರನ್ನು ನೋಡಿ ಹೊಲಿದ ಅಂಗಿ. ಇಲ್ಲಿ ತೋಟದಿಂದ ಅಂಗನವಾಡಿಗೆ ಗುಡ್ಡ ಇಳಿದು ಹತ್ತಬೇಕು. ಕೊಯ್ಲಿನ ದಿನಗಳಲ್ಲಂತೂ ಕೂಲಿ ಕಿಲೋ ಲೆಕ್ಕ. ಊಟಕ್ಕೆಂದು ಹೋಗಿಬಂದರೆ ಸಂಜೆ ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಅಷ್ಟು ಕಿಲೋ ಕಡಿಮೆ. ಆರು ತಿಂಗಳ ಬಸುರಿ ಯಾವುದನ್ನು ಆರಿಸಿಕೊಳ್ಳುತ್ತಾಳೆಂದು ಕೇಳಬೇಕೇ?

ಹೀಗಾಗಿ ಊಟವೇ ತೋಟಕ್ಕೆ ಹೋಗಲಿ. ಹಣ್ಣಿನ ಮೂಟೆ ಸಾಗಿಸಲು ಜೀಪು ಇದೆ, ದಾರಿ ಇದೆ. ನಾಲ್ಕು ಡಬ್ಬಿ ಅದರಲ್ಲಿ ಭಾರವಲ್ಲ. ತಾಯಿ ಕಾರ್ಡಿನಲ್ಲಿ 45 ಕೆ.ಜಿ.ಗಿಂತ ಕೆಳಗಿರುವ ಹೆಸರುಗಳನ್ನು ಆಶಾ ಕಾರ್ಯಕರ್ತೆಯರಿಂದ ಪಡೆದು, ಡಿಸೆಂಬರಿನ ಕೊಯ್ಲಿಗೆ ಮುನ್ನವೇ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರೂ ಬೆಳೆಗಾರರೂ ಒಂದು ಮಧ್ಯಾಹ್ನ ಒಟ್ಟಿಗೆ ಕೂರಲಿ.