ಓಟಕ್ಕೆ ಬಾಟಲಿ ಬೇಕೇ?

ಫಜ್ರ್ ನಮಾಝ್ ಮುಗಿಸಿ ಅರ್ಧ ಗಂಟೆ ಓಡಿ ಬರುವ ಹುಡುಗರ ಕೈಯಲ್ಲೂ ಈಗ ಬಣ್ಣದ ಪಾನೀಯದ ಬಾಟಲಿ. ನಿಮ್ಮ ಮಗನೂ ಅದನ್ನು ಕೇಳುತ್ತಿರಬಹುದು. ಕೊಡಿಸಬೇಡಿ. ನಾಲ್ಕೈದು ಕಿಲೋಮೀಟರ್ ಓಟಕ್ಕೆ ಹೊರಡುವ ಮುನ್ನ ಒಂದು ಲೋಟ ನೀರು, ಬಂದ ಮೇಲೆ ಬಾಯಾರಿಕೆ ತೀರುವಷ್ಟು ನೀರು ಸಾಕು. ಬೆವರಿನಲ್ಲಿ ಹೋದ ಉಪ್ಪು ಮನೆಯ ಊಟದಲ್ಲೇ ಸಿಗುತ್ತದೆ. ಬಾಟಲಿಯಿಂದ ಸಿಗುವುದು ಬೇಡದ ಸಕ್ಕರೆ.

ಓಟ ಒಂದು ಗಂಟೆ ದಾಟಿದರೆ ಮಾತು ಬೇರೆ. ಕರಾವಳಿಯ ಸೆಕೆಯಲ್ಲಂತೂ ಬೆವರು ಆರುವುದೇ ಇಲ್ಲ. ಆಗ ನೀರು ಜೊತೆಗಿರಲಿ, ಇಲ್ಲವೇ ಮನೆಯ ಮುಂದೆ ಹಾದು ಬರುವ ದಾರಿ ಹಿಡಿಯಿರಿ (ನನಗೆ ಇದೇ ಇಷ್ಟ, ಕೈ ಖಾಲಿ ಇರುತ್ತದೆ). ಓಟದ ಮೊದಲೂ ನಂತರವೂ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಹೋಗಿದೆ ಎಂದರ್ಥ.

ಹಾಗೆಂದು ಹೆದರಿ ವಿಪರೀತ ಕುಡಿಯಬೇಡಿ. ಅದು ಪ್ರಾಣಕ್ಕೇ ಅಪಾಯ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷಿಸಲಾದ 488 ಓಟಗಾರರ ಪೈಕಿ ಶೇ. 13 ಮಂದಿಯ ಸೋಡಿಯಂ ಕುಸಿದಿತ್ತು. ಬೆವರಿದ್ದಕ್ಕಿಂತ ಹೆಚ್ಚು ಕುಡಿದು, ಓಡುತ್ತಲೇ ತೂಕ ಏರಿಸಿಕೊಂಡವರಲ್ಲಿ ಇದು ಹೆಚ್ಚಾಗಿತ್ತು. ಕುಡಿದದ್ದು ನೀರೋ ಸ್ಪೋರ್ಟ್ಸ್ ಡ್ರಿಂಕೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಅದೇ ಓಟದಲ್ಲಿ ಯುವತಿಯೊಬ್ಬಳು ಇದೇ ಕಾರಣಕ್ಕೆ ಜೀವ ಕಳೆದುಕೊಂಡಳು. ಆದ್ದರಿಂದ ಗಡಿಯಾರ ನೋಡಿ ಕುಡಿಯಬೇಡಿ, ಬಾಯಾರಿದಾಗ ಕುಡಿಯಿರಿ.

ಇನ್ನು ರಮಝಾನ್. ಓಡಲೇಬೇಕು ಎನ್ನುವವರು ಇಫ್ತಾರ್‌ಗೆ ಅರ್ಧ ಗಂಟೆ ಇರುವಾಗ ನಿಧಾನವಾಗಿ ಓಡಿ, ಇಲ್ಲವೇ ತರಾವೀಹ್ ಮುಗಿದ ಮೇಲೆ ಓಡಿ. ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ. ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಉಪವಾಸದಲ್ಲಿ ಓಡಬಾರದು. ಉದ್ದದ ಓಟ ಈದ್ ಕಳೆದ ಮೇಲಿರಲಿ.