ಎಂಆರ್‌ಐ ಮಾಡಿಸಿದರೆ ಆಂಜಿಯೋಗ್ರಾಂ ಬೇಡವೇ?

'ಎಂಆರ್‌ಐನಲ್ಲೇ ರಕ್ತನಾಳ ಕಾಣುತ್ತದೆ, ಆಂಜಿಯೋಗ್ರಾಂಗೆ ಒಪ್ಪಬೇಡಿ' ಎಂಬ ಸಂದೇಶ ನಿಮಗೆ ಬಂದರೆ, ಅದು ಅರ್ಧ ಸತ್ಯ.

ಸಾಮಾನ್ಯ ಆಂಜಿಯೋಗ್ರಾಂನಲ್ಲಿ ಮಣಿಕಟ್ಟು ಅಥವಾ ತೊಡೆಸಂದಿನ ರಕ್ತನಾಳದ ಮೂಲಕ ಸಣ್ಣ ನಳಿಕೆ ತೂರಿಸಿ, ಅಯೋಡಿನ್ ಇರುವ ಡೈ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಎಂಆರ್ ಆಂಜಿಯೋಗ್ರಾಂಗೆ ನಳಿಕೆಯೂ ಬೇಡ, ಎಕ್ಸ್‌ರೇಯೂ ಬೇಡ. ಕೆಲವೊಮ್ಮೆ ಡೈ ಕೂಡ ಬೇಡ. ಮೆದುಳು, ಕುತ್ತಿಗೆಯ ರಕ್ತನಾಳ ನೋಡಲು ಇದು ಬಹಳ ಉಪಯುಕ್ತ.

ಆದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳಗಳು ಕೆಲವೇ ಮಿಲಿಮೀಟರ್ ಅಗಲ. ಪ್ರತಿ ಬಡಿತಕ್ಕೂ ಅಲುಗುತ್ತವೆ. ಎಂಆರ್‌ಐನಲ್ಲಿ ಅವು ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಅಲ್ಲದೆ, ನಳಿಕೆ ಒಳಗಿರುವಾಗಲೇ ಬ್ಲಾಕ್ ತೆರೆದು ಸ್ಟೆಂಟ್ ಹಾಕಬಹುದು. ಎಂಆರ್‌ಐ ಕೊಡುವುದು ಚಿತ್ರ ಮಾತ್ರ. ಹೃದಯಾಘಾತವಾದಾಗ ಫಾರ್ವರ್ಡ್ ನಂಬಿ ತಡಮಾಡಿದರೆ ಜೀವಕ್ಕೇ ಅಪಾಯ. ಯಾವ ಪರೀಕ್ಷೆ ಬೇಕು, ಏಕೆ ಬೇಕು ಎಂದು ವೈದ್ಯರನ್ನೇ ಕೇಳಿ.