ಕೋಡಿಗಿಂತ ಮೊದಲು ಒಂದು ಸ್ವಿಚ್

ಬೆಂಗಳೂರಿಗೆ ಎಸ್.ಪಿ. ರಸ್ತೆ ಹೇಗೋ ಪುಣೆಗೆ ಬುಧವಾರ ಪೇಠದ ತಪಕೀರ್ ಗಲ್ಲಿ ಹಾಗೆ. ಮಕ್ಕಳ ಕೈಹಿಡಿದು ಬಂದ ಅಪ್ಪ–ಅಮ್ಮಂದಿರು ಅಂಗಡಿಯವನ ಮುಂದೆ ‘ರೊಬೊಟಿಕ್ಸ್ ಕಿಟ್’ ಕೇಳುವುದು ಈಗ ಅಲ್ಲಿ ಸಾಮಾನ್ಯ ದೃಶ್ಯ. ಹಳದಿ ಬಣ್ಣದ ಎರಡು ಗೇರ್ ಮೋಟರು, ಎರಡು ಚಕ್ರ, ಒಂದು ಆರ್ಡುಯಿನೊ ಬೋರ್ಡು, ಒಂದು ಮೋಟರ್ ಡ್ರೈವರ್. ಮನೆಗೆ ಬಂದು ವಿಡಿಯೊ ನೋಡಿ ವೈರು ಜೋಡಿಸಿ, ಯಾರೋ ಬರೆದ ಕೋಡನ್ನು ಹಾಕಿದರೆ ಗಾಡಿ ಓಡುತ್ತದೆ. ಓಡಿದರೆ ಸಂತೋಷ. ಓಡದಿದ್ದರೆ ಎರಡೇ ವಾರಕ್ಕೆ ಕಿಟ್ಟು ಅಟ್ಟ ಸೇರುತ್ತದೆ.

ಕೋಡು ಬರೆದೇ ಹೊಟ್ಟೆ ಹೊರೆಯುವವನಾಗಿ ಹೇಳುತ್ತೇನೆ: ಮಕ್ಕಳ ಕೈಗೆ ಮೋಟರು ಕೊಡುವಾಗ ಕೋಡು ಮೊದಲ ಪಾಠ ಆಗಬಾರದು. ಮೊದಲ ಪಾಠ ಕೈಯಿಂದ ಒತ್ತುವ ಸ್ವಿಚ್ ಆಗಬೇಕು.

ಪುಟ್ಟ ಡಿಸಿ ಮೋಟರಿನ ನಿಯಮ ಸರಳ. ಅದರಲ್ಲಿ ಕರೆಂಟ್ ಹರಿಯುವ ದಿಕ್ಕು ಬದಲಾದರೆ ಅದು ತಿರುಗುವ ದಿಕ್ಕೂ ಬದಲಾಗುತ್ತದೆ. ಸೆಲ್ಲಿನ ವೈರುಗಳನ್ನು ಅದಲು ಬದಲು ಮಾಡಿದರೆ ಐದನೇ ಕ್ಲಾಸಿನ ಮಗುವಿಗೂ ಇದು ಕಾಣುತ್ತದೆ. ಮುಂದಿನ ಹೆಜ್ಜೆ, ಆರು ಕಾಲಿನ ಡಿಪಿಡಿಟಿ ಸ್ವಿಚ್. ನಡುವಿನ ಎರಡು ಕಾಲಿಗೆ ಬ್ಯಾಟರಿ, ಒಂದು ತುದಿಯ ಎರಡು ಕಾಲಿಗೆ ಮೋಟರು, ಮೂಲೆಯಿಂದ ಎದುರು ಮೂಲೆಗೆ ಅಡ್ಡಡ್ಡ ಎರಡು ವೈರು. ಗುಂಡಿ ಆಚೆ ತಳ್ಳಿದರೆ ಮುಂದಕ್ಕೆ, ಈಚೆ ತಳ್ಳಿದರೆ ಹಿಂದಕ್ಕೆ. ಮೋಟರು, ಚಕ್ರ, ಸ್ವಿಚ್, ಸೆಲ್ಲು ಎಲ್ಲ ಸೇರಿ 300 ರೂಪಾಯಿಯೊಳಗೆ ಮುಗಿಯುವ ಆಟ ಇದು.

ಇದನ್ನು ತಾನೇ ಜೋಡಿಸಿದ ಮಗುವಿಗೆ ಮೋಟರ್ ಡ್ರೈವರ್ ಒಳಗಿನ ‘ಎಚ್–ಬ್ರಿಡ್ಜ್’ ಅರ್ಥವಾಗಲು ಹತ್ತು ನಿಮಿಷ ಸಾಕು. ಇಂಗ್ಲಿಷಿನ ಎಚ್ ಅಕ್ಷರದ ಅಡ್ಡಗೆರೆಯೇ ಮೋಟರು, ನಾಲ್ಕು ತೋಳುಗಳಲ್ಲಿ ನಾಲ್ಕು ಸ್ವಿಚ್ಚು. ಎದುರುಬದುರು ಮೂಲೆಯ ಒಂದು ಜೋಡಿ ಒತ್ತಿದರೆ ಮುಂದಕ್ಕೆ, ಇನ್ನೊಂದು ಜೋಡಿ ಒತ್ತಿದರೆ ಹಿಂದಕ್ಕೆ. ಒಂದೇ ಬದಿಯ ಮೇಲಿನದನ್ನೂ ಕೆಳಗಿನದನ್ನೂ ಒಟ್ಟಿಗೆ ಒತ್ತಿದರೆ ಬ್ಯಾಟರಿ ಶಾರ್ಟ್. ಬೆರಳು ಮಾಡುತ್ತಿದ್ದ ಕೆಲಸವನ್ನು ಚಿಪ್ಪಿನಲ್ಲಿ ಟ್ರಾನ್ಸಿಸ್ಟರು ಮಾಡುತ್ತದೆ, ಅಷ್ಟೇ.

ಇನ್ನು ವೇಗ. ಇದಕ್ಕೆ ನಮ್ಮೂರಿನ ಟೈರಾಟವೇ ಉದಾಹರಣೆ. ಹಳೆಯ ಸೈಕಲ್ ಟೈರನ್ನು ಕೋಲಿನಿಂದ ಹೊಡೆಯುತ್ತ ಓಡಿಸಿದವರಿಗೆ ಗೊತ್ತು, ಟೈರಿಗೆ ಕೋಲು ಸದಾ ತಾಗಿರಬೇಕಿಲ್ಲ. ನಡುನಡುವೆ ಏಟು ಬಿದ್ದರೆ ಸಾಕು, ಉಳಿದ ಹೊತ್ತು ತನ್ನ ಓಟದಲ್ಲೇ ಉರುಳುತ್ತದೆ. ಪಿಡಬ್ಲ್ಯೂಎಂ ಅಂದರೂ ಇದೇ. ಆರ್ಡುಯಿನೊ ಉನೊ ಮೋಟರಿಗೆ ಸೆಕೆಂಡಿಗೆ ಸುಮಾರು 490 ಸಲ ವಿದ್ಯುತ್ ಕೊಟ್ಟು ನಿಲ್ಲಿಸುತ್ತದೆ. ಪ್ರತಿ ಸಲ ಎಷ್ಟು ಹೊತ್ತು ಕೊಡುತ್ತದೆ ಎನ್ನುವುದರ ಮೇಲೆ ವೇಗ. ಕೋಡಿನಲ್ಲಿ ನಾವು ಬರೆಯುವ 0ಯಿಂದ 255ರವರೆಗಿನ ಅಂಕಿಯ ಅರ್ಥ ಇಷ್ಟೇ. ಅಂಕಿ ತೀರಾ ಚಿಕ್ಕದಾದರೆ ಮೋಟರು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ಏಟಿನ ಬಲ ಗೇರುಗಳ ಘರ್ಷಣೆಯನ್ನು ಮೀರಿರುವುದಿಲ್ಲ.

‘ರೆಡಿ ಮಾಡ್ಯೂಲ್ ಇರುವಾಗ ಇಷ್ಟೆಲ್ಲ ಯಾಕೆ?’ ಎಂದು ಕೇಳುವವರಿದ್ದಾರೆ. ಕಿಟ್ಟು ಕೈಕೊಟ್ಟ ದಿನ ಉತ್ತರ ಸಿಗುತ್ತದೆ. ಕಿಟ್ಟುಗಳಲ್ಲಿ ಹೆಚ್ಚಾಗಿ ಬರುವ ಎಲ್298ಎನ್ ಡ್ರೈವರ್ ಹಳೆಯ ಬಗೆಯ ಟ್ರಾನ್ಸಿಸ್ಟರಿನದು. ತನ್ನ ಪಾಲಿಗೆ ಹೆಚ್ಚುಕಮ್ಮಿ 2 ವೋಲ್ಟ್ ನುಂಗುತ್ತದೆ. ನಾಲ್ಕು ಸೆಲ್ಲಿನ 6 ವೋಲ್ಟಿನಲ್ಲಿ ಮೋಟರಿಗೆ ಉಳಿಯುವುದು 4. ಗಾಡಿ ತೆವಳುತ್ತದೆ. ಚೌಕಾಕಾರದ ಪುಟ್ಟ 9 ವೋಲ್ಟ್ ಬ್ಯಾಟರಿ ಹಾಕಿದರೆ ಇನ್ನೊಂದು ಫಜೀತಿ: ಮೋಟರು ಹೊರಡುವ ಕ್ಷಣಕ್ಕೆ ಬೇಕಾದ ಕರೆಂಟ್ ಕೊಡಲಾಗದೆ ಅದರ ವೋಲ್ಟೇಜ್ ಕುಸಿಯುತ್ತದೆ, ಬೋರ್ಡು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಎರಡರಲ್ಲೂ ಕೋಡಿನ ತಪ್ಪಿಲ್ಲ. ಆದರೆ ಕೋಡೊಂದನ್ನೇ ಕಲಿತ ಮಗು ಹುಡುಕುವುದು ಕೋಡಿನಲ್ಲೇ.

ನಮ್ಮಂಥ ಸಾಫ್ಟ್‌ವೇರಿನವರಿಗೂ ಇಲ್ಲಿ ಪಾಠವಿದೆ. ಪರದೆಯ ಮೇಲೆ 1 ಅನ್ನು ಮೈನಸ್ 1 ಮಾಡಲು ಏನೂ ಖರ್ಚಿಲ್ಲ. ತಿರುಗುತ್ತಿರುವ ಚಕ್ರಕ್ಕೆ ಖರ್ಚಿದೆ. ಓಡುವ ಮೋಟರು ತಾನೇ ಒಂದು ಜನರೇಟರಿನಂತೆ ಬ್ಯಾಟರಿಗೆ ಎದುರಾಗಿ ವೋಲ್ಟೇಜ್ ಹುಟ್ಟಿಸುತ್ತಿರುತ್ತದೆ. ದಿಕ್ಕನ್ನು ಹಠಾತ್ತನೆ ತಿರುಗಿಸಿದರೆ ಅದೂ ಬ್ಯಾಟರಿಯ ಜತೆ ಸೇರಿ, ಒಂದು ಕ್ಷಣ ಮೋಟರು ಸ್ತಬ್ಧವಾಗಿ ಸಿಕ್ಕಿಬಿದ್ದಾಗ ಎಳೆಯುವ ಕರೆಂಟಿನ ಇಮ್ಮಡಿಯಷ್ಟು ಎಳೆಯಬಹುದು. ಆದ್ದರಿಂದ ಮೊದಲು ನಿಧಾನಿಸು, ನಿಲ್ಲಿಸು, ಆಮೇಲೆ ತಿರುಗಿಸು. ಸ್ವಿಚ್ ಒತ್ತಿ ಗಾಡಿ ಜಗ್ಗುವುದನ್ನು ಕಂಡ ಮಗುವಿಗೆ ಇದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಅಗ್ಗದ ಸಾಮಾನಿನಿಂದ ವಿಜ್ಞಾನ ಕಲಿಸುವುದು ಪುಣೆಗೆ ಹೊಸದಲ್ಲ. ಇಲ್ಲಿನ ಐಯುಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ದುಡಿದ ಅರವಿಂದ ಗುಪ್ತ ಒಂದು ಸೆಲ್ಲು, ಎರಡು ಸೇಫ್ಟಿ ಪಿನ್ನು, ಒಂದು ಅಯಸ್ಕಾಂತ, ಒಂದಿಷ್ಟು ತಾಮ್ರದ ತಂತಿಯಲ್ಲಿ ಮೋಟರು ಮಾಡುವುದನ್ನು ಅಸಂಖ್ಯ ಮಕ್ಕಳಿಗೆ ತೋರಿಸಿದರು. ಆ ತಂತಿಯ ಒಂದು ತುದಿಯ ಲೇಪವನ್ನು ಪೂರ್ತಿ ಕೆರೆಯಬೇಕು, ಇನ್ನೊಂದು ತುದಿಯಲ್ಲಿ ಅರ್ಧ ಸುತ್ತು ಮಾತ್ರ. ಯಾಕೆಂದು ಮಗು ಕೇಳಿದಾಗ ನಿಜವಾದ ಪಾಠ ಶುರುವಾಗುತ್ತದೆ.

2016ರಲ್ಲಿ ಆರಂಭವಾದ ಅಟಲ್ ಇನ್ನೊವೇಷನ್ ಮಿಷನ್ ಅಡಿ ದೇಶದ 10,000ಕ್ಕೂ ಹೆಚ್ಚು ಶಾಲೆಗಳಿಗೆ ಟಿಂಕರಿಂಗ್ ಲ್ಯಾಬ್ ಬಂದಿದೆ. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಕೊಡುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಹಾಗಾದರೆ ನಮ್ಮೂರಿನ ಕನ್ನಡ ಶಾಲೆಗಳಿಗೂ ಪೆಟ್ಟಿಗೆಗಳು ಬಂದಿಳಿಯಬಹುದು. ಪೆಟ್ಟಿಗೆಯ ಜತೆ ಬರುವ ಪುಸ್ತಕ ಇಂಗ್ಲಿಷಿನಲ್ಲಿದ್ದು, ಮೊದಲ ಪುಟದಲ್ಲೇ ಕೋಡಿದ್ದರೆ, ಅಲ್ಲಿಯೂ ಅದು ಬೀರು ಸೇರುವುದು ಖಂಡಿತ.

ಇಲ್ಲಿ ಹೊರಗಿರುವ ನಮ್ಮ ಕೈಲಾಗುವ ಕೆಲಸವೊಂದಿದೆ. ಗೌರಿ–ಗಣೇಶನ ಹಬ್ಬಕ್ಕೋ ದಸರೆಗೋ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ನಾಲ್ಕು ಮೋಟರು, ನಾಲ್ಕು ಸ್ವಿಚ್ ಇಟ್ಟುಕೊಂಡು ಹೋಗೋಣ. ತಮ್ಮನ ಮಕ್ಕಳು, ಪಕ್ಕದ ಮನೆಯವರು, ಓದಿದ ಶಾಲೆಯ ಹುಡುಗರು, ಯಾರು ಸಿಕ್ಕರೂ ಸರಿ. ಲ್ಯಾಪ್‌ಟಾಪ್ ತೆರೆಯುವುದು ಬೇಡ. ವೈರು ಅವರೇ ಜೋಡಿಸಲಿ, ಗಾಡಿ ಉಲ್ಟಾ ಓಡಲಿ. ಯಾಕೆ ಉಲ್ಟಾ ಓಡಿತು ಎಂಬುದನ್ನು ಅವರು ಕನ್ನಡದಲ್ಲಿ ನಮಗೆ ಹೇಳಲಿ. ಕೋಡು ಮುಂದಿನ ರಜೆಗೆ ಇರಲಿ.